ತಗಡು ಕತ್ತರಿಸುವ ಕೈ ಮೆಷಿನ್: ಕೇಳಿ, ಮಂಜಣ್ಣ ಹೇಳುತ್ತಾರೆ

ಅಡ್ಮಿನ್: ತಗಡು, ಶೀಟ್ ಕತ್ತರಿಸುವುದರ ಬಗ್ಗೆ ಇವತ್ತು ಕೇಳಬಹುದು. ಉತ್ತರ ಕೊಡುವವರು ಫ್ಯಾಬ್ರಿಕೇಶನ್ ಕೆಲಸದ ಮಂಜಣ್ಣ.

ಸುಮಾ: ಸರ್, 1 ಮಿ.ಮೀ. ಕಬ್ಬಿಣದ ಶೀಟಿಗೆ ಜಿಗ್‌ಸಾದಲ್ಲಿ (ಬ್ಲೇಡ್ ಮೇಲೆ-ಕೆಳಗೆ ಆಡುವ ಕೈ ಗರಗಸ) ಯಾವ ಬ್ಲೇಡ್? ಕತ್ತರಿಸುವಾಗ ಶೀಟೇ ಎದ್ದು ಕುಣಿಯುತ್ತದೆ.

ಮಂಜಣ್ಣ: ಲೋಹದ ಬ್ಲೇಡ್, ಇಂಚಿಗೆ 21ರಿಂದ 24 ಹಲ್ಲು ಇರಲಿ ಮೇಡಂ. ಆರ್ಬಿಟ್, ಅಂದರೆ ಬ್ಲೇಡ್ ಹಿಂದೆ-ಮುಂದೆ ಆಡುವ ಸೆಟ್ಟಿಂಗ್, ಸೊನ್ನೆಗೆ ಇಡಿ, ವೇಗ ಕಮ್ಮಿ ಮಾಡಿ. ಶೀಟಿನ ಮೇಲೊಂದು ಕೆಳಗೊಂದು ತೆಳು ಪ್ಲೈವುಡ್ ಇಟ್ಟು ಕ್ಲಾಂಪ್ ಬಿಗಿದು, ಮೂರನ್ನೂ ಒಟ್ಟಿಗೆ ಕತ್ತರಿಸಿ.

ಕಿರಣ್: ಅಣ್ಣ, ಜಿಗ್‌ಸಾಗೆ ಯಾವ ಬ್ಲೇಡ್ ಹಾಕ್ಬೇಕು?

ಮಂಜಣ್ಣ: ಮೇಲೆ ಓದಿ.

ರಮೇಶ: ನನ್ನ 4 ಇಂಚಿನ ಗ್ರೈಂಡರ್‌ಗೆ ಮರ ಕೊಯ್ಯುವ 7 ಇಂಚಿನ ಬ್ಲೇಡ್ ಕೂರಿಸಿದ್ದೇನೆ. ಗಾರ್ಡ್ ಅಡ್ಡ ಬರುತ್ತಿತ್ತು, ತೆಗೆದೆ. ನಾಳೆ ಛಾವಣಿಯ ಶೀಟ್ ಕೊಯ್ಯಬೇಕು, ಅರ್ಧ ಮಿ.ಮೀ. ದಪ್ಪ. ನಿಧಾನಕ್ಕೆ ಹೋದರೆ ನಡೆಯುತ್ತೆ ಅಲ್ವಾ?

ಮಂಜಣ್ಣ: ನಡೆಯಲ್ಲ. ಮೊದಲು ಪ್ಲಗ್ ಕಿತ್ತು ಆ ಬ್ಲೇಡ್ ಬಿಚ್ಚಿ. ಆಮೇಲೆ ಉಳಿದದ್ದು ಓದಿ.

ಆ ಬ್ಲೇಡ್ ಹಾಕುವ ಮರ ಕೊಯ್ಯುವ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ) ನಿಮಿಷಕ್ಕೆ ಸುಮಾರು 5,500 ಸುತ್ತು ತಿರುಗುತ್ತದೆ. ನಿಮ್ಮ ಗ್ರೈಂಡರ್ 11,000 ಸುತ್ತು. ಆ ವೇಗದಲ್ಲಿ 7 ಇಂಚಿನ ಬ್ಲೇಡಿನ ಅಂಚು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಗ್ರೈಂಡರ್‌ನ ಕಟಿಂಗ್ ವೀಲ್‌ಗೇ ಸಾಮಾನ್ಯವಾಗಿ 80 ಮೀಟರ್ ಮಿತಿ. ಬ್ಲೇಡ್ ಮೇಲೆ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಚ್ಚಾಗಿರುತ್ತದೆ, ನೋಡಿದ್ದೀರಾ? ಒಂದು ಹಲ್ಲು ಹಾರಿದರೆ ತಡೆಯಲು ಗಾರ್ಡೂ ಇಲ್ಲ.

ಇನ್ನೊಂದು ವಿಷಯ. 40 ಹಲ್ಲಿನ ಬ್ಲೇಡ್ ಅಂದರೂ ಹಲ್ಲಿಂದ ಹಲ್ಲಿಗೆ 14 ಮಿ.ಮೀ. ಇರುತ್ತದೆ. ಅರ್ಧ ಮಿ.ಮೀ. ಶೀಟ್ ಆ ಸಂದಿಗೆ ಇಳಿಯುತ್ತದೆ. ಹಿಂದಿನಿಂದ ಬರುವ ಹಲ್ಲು ಕೊಯ್ಯುವುದಿಲ್ಲ, ಕೊಕ್ಕೆ ಹಾಕಿ ಎಳೆಯುತ್ತದೆ. ಶೀಟನ್ನು ಗಟ್ಟಿಯಾಗಿ ಬಿಗಿದಿದ್ದರೆ ಮೆಷಿನ್ ನಿಮ್ಮ ಕಡೆ ಒದೆಯುತ್ತದೆ. ನೀವು ನಿಧಾನ ಹೋದರೂ ಬ್ಲೇಡ್ ನಿಧಾನ ಆಗಲ್ಲವಲ್ಲ.

ಇಷ್ಟು ತೆಳು ಶೀಟಿಗೆ ತಗಡು ಕತ್ತರಿ ಸಾಕು. ಉದ್ದ ಜಾಸ್ತಿ ಇದ್ದರೆ ನಿಬ್ಲರ್, ಅಂದರೆ ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಮೆಷಿನ್. ಗ್ರೈಂಡರ್‌ಗೆ ಸರಿಯಾದ ವೀಲ್ ಹಾಕಿದರೂ ಕಿಡಿ ಶೀಟಿನ ಬಣ್ಣ ಸುಡುತ್ತದೆ, ಅಲ್ಲೇ ತುಕ್ಕು ಶುರು. ಕತ್ತರಿಸುವುದೂ ನೆಲದ ಮೇಲೇ, ಏಣಿ ಮೇಲಲ್ಲ.

ಪ್ರಕಾಶ್: ಇದು ಫಾರ್ವರ್ಡ್ ಬಂದಿದ್ದು. ಮರದ ಬ್ಲೇಡ್ ಉಲ್ಟಾ ಹಾಕಿದರೆ ತಗಡು ಬೆಣ್ಣೆ ಹಾಗೆ ಕೊಯ್ಯುತ್ತದಂತೆ. ಕಣ್ಣಿಗೆ ಚೂರು ಬಿದ್ದರೆ ಆಯಸ್ಕಾಂತ ಹಿಡಿದರೆ ಸಾಕಂತೆ.

ಮಂಜಣ್ಣ: ಇಂಥದ್ದನ್ನು ಕಳಿಸುವ ಮೊದಲು ಒಂದು ಸಲ ಯೋಚನೆ ಮಾಡಿ ಮಾರಾಯ್ರೇ. ಮರದ ಬ್ಲೇಡಿನ ತುದಿಗೆ ಕೂರಿಸಿದ ಕಾರ್ಬೈಡ್ (ತುಂಬಾ ಗಟ್ಟಿ ವಸ್ತು) ಹಲ್ಲಿನ ಬೆಸುಗೆ ಮುಂದಿನಿಂದ ಬರುವ ಒತ್ತಡಕ್ಕೆ ಮಾಡಿದ್ದು. ಉಲ್ಟಾ ಹಾಕಿದರೆ ಹಲ್ಲನ್ನು ಬೆಸುಗೆಯಿಂದ ಕೀಳುವ ಹಾಗೆ ಎಳೆತ ಬೀಳುತ್ತದೆ. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ಆಯಸ್ಕಾಂತ, ಎಣ್ಣೆ ಯಾವುದೂ ಬೇಡ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಕಬ್ಬಿಣದ ಚೂರು ಉಳಿದರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ.

ಸುಮಾ: ಅಲ್ಯೂಮಿನಿಯಂ ಶೀಟಿಗೂ ಇದೇ ಬ್ಲೇಡ್ ಆಗುತ್ತಾ ಸರ್?

ಲೋಕೇಶ್: ಎಲ್ಲರೂ ದಪ್ಪ ಬಟ್ಟೆ ಗ್ಲೌಸ್ ಹಾಕಿ. ಅದೇ ಮುಖ್ಯ.

ನಾಗರಾಜ್: ತಿರುಗೋ ಬ್ಲೇಡ್ ಹತ್ತಿರ ಬಟ್ಟೆ ಗ್ಲೌಸಾ? ಒಂದು ನೂಲು ಸಿಕ್ಕಿದರೆ ಕೈಯೇ ಒಳಗೆ ಹೋಗುತ್ತೆ.

ಲೋಕೇಶ್: ತಗಡಿನ ಅಂಚು ನಿಮ್ಮ ಕೈ ಸೀಳಿದಾಗ ಗೊತ್ತಾಗುತ್ತೆ ಬಿಡಿ.

ನಾಗರಾಜ್: ನಾನು ಹೇಳಿದ್ದು ಕತ್ತರಿಸುವಾಗಿನ ಮಾತು. ಓದೋಕೆ ಬರುತ್ತೆ ತಾನೆ?

ಲೋಕೇಶ್: ನಿಮಗಿಂತ ಚೆನ್ನಾಗಿ ಬರುತ್ತೆ.

ಮಂಜಣ್ಣ: ಇಬ್ಬರೂ ಸುಮ್ನಿರಿ. ಶೀಟ್ ಎತ್ತಲು, ಅಂಚು ಅರ ಹಾಕಿ ಉಜ್ಜಲು ಕೊಯ್ತ ತಡೆಯುವ ಗ್ಲೌಸ್ ಬೇಕು. ಬ್ಲೇಡ್ ತಿರುಗುವಾಗ ಸಡಿಲ ಗ್ಲೌಸ್, ಅಂಗಿಯ ಸಡಿಲ ತೋಳು, ದುಪಟ್ಟಾ ಯಾವುದೂ ಬೇಡ.

ಕಿರಣ್: ಅಣ್ಣ, ಹಲ್ಲು ಎಷ್ಟು ಅಂದ್ರಿ?

ಮಂಜಣ್ಣ: ಮೂರನೇ ಸಲ ಹೇಳಲ್ಲ. ರಮೇಶ್, ಬ್ಲೇಡ್ ಬಿಚ್ಚಿದಿರಾ?

ರಮೇಶ: ಬಿಚ್ಚಿದೆ ಅಣ್ಣ. ಆದರೆ ಗಾರ್ಡ್ ಎಲ್ಲಿಟ್ಟೆನೋ ಸಿಗ್ತಾ ಇಲ್ಲ.

ಮಂಜಣ್ಣ: ಸಿಗುವವರೆಗೆ ಆ ಗ್ರೈಂಡರ್ ಪ್ಲಗ್‌ಗೆ ಹಾಕಬೇಡಿ.