ಹಳೇ ಜೀಪ್ ಪಿಕಪ್: ಕೀ ತಿರುಗಿಸಿದ್ರೆ ಬರೀ ಟಕ್ ಅನ್ನುತ್ತೆ

ತೋಟದಮನೆ, ಸೋಮವಾರಪೇಟೆ:
ತಾತನ ಕಾಲದ ಪೆಟ್ರೋಲ್ ಪಿಕಪ್, 12 ವೋಲ್ಟ್. ಮಳೆಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು, ಕಾಫಿ ಕುಯ್ಲಿಗೆ ಮುಂಚೆ ರೆಡಿ ಮಾಡ್ಬೇಕು. ಕೀ ತಿರುಗಿಸಿದ್ರೆ ಒಂದು ಟಕ್, ಎಂಜಿನ್ ಅಲ್ಲಾಡಲ್ಲ, ಆದ್ರೆ ಹೆಡ್‌ಲೈಟ್ ಒಂಚೂರೂ ಮಂಕಾಗಲ್ಲ. ಸ್ಟಾರ್ಟರೇ (ಎಂಜಿನ್ ತಿರುಗಿಸೋ ಮೋಟರ್) ಬದಲಾಯಿಸಿ ಅಂತಾರೆ ಮೆಕ್ಯಾನಿಕ್, ಒರಿಜಿನಲ್ ಪೀಸ್ ಬಿಸಾಕೋಕೆ ನಂಗೆ ಮನಸ್ಸೇ ಬರ್ತಿಲ್ಲ.

ಮಡಿಕೇರಿ ಗ್ಯಾರೇಜ್:
ಬದಲಾಯಿಸ್ಬೇಡಿ ಅಣ್ಣಾ, ತಡೀರಿ! ಲೈಟ್ ಮಂಕಾಗಲ್ಲ ಅಂದ್ರೆ ಸ್ಟಾರ್ಟರ್‌ಗೆ ಬೇಕಾದಷ್ಟು ಕರೆಂಟ್ ಹೋಗ್ತಿಲ್ಲ. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಪೋಸ್ಟ್‌ಗೆ (ಕೇಬಲ್ ಹಿಡಿದಿರೋ ಕ್ಲಾಂಪ್‌ಗಲ್ಲ, ಬ್ಯಾಟರಿ ಮೇಲಿನ ಗೂಟಕ್ಕೇ), ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಯಾರಿಗಾದ್ರೂ ಕೀ ತಿರುಗಿಸೋಕೆ ಹೇಳಿ, 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದ್ರೆ ಅರ್ಥ್ (ಎಂಜಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ವಾಪಸ್ ಬರೋ ದಾರಿ) ಕೆಟ್ಟಿದೆ. ನಮ್ಮ ಕಡೆ ಮಳೆಗೆ ಮೊದ್ಲು ತುಕ್ಕು ಹಿಡಿಯೋದೇ ಅದು.

ವಿರಾಜಪೇಟೆ ಜೀಪ್:
ಮೀಟರ್ ಸೊನ್ನೆ ಹತ್ರ ನಿಂತ್ರೆ ಅರ್ಥ್ ಸರಿಯಿದೆ ಅಂದ್ಕೊಂಡು ಬಿಡ್ಬೇಡಿ, ಕರೆಂಟ್ ಹರೀದೇ ಇದ್ರೂ ಸೊನ್ನೇನೇ ಬರುತ್ತೆ. ಆಗ ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡೋ ಸ್ವಿಚ್) ನೋಡಿ, ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುತ್ತೆ, ಟಕ್ ಅನ್ನುತ್ತೆ ಆದ್ರೆ ಕರೆಂಟ್ ದಾಟಿಸಲ್ಲ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡೋಕೆ ಮಾತ್ರ ಹೋಗ್ಬೇಡಿ, ಗೇರಲ್ಲಿದ್ರೆ ಗಾಡಿ ಮೈಮೇಲೇ ಬರುತ್ತೆ.

ತೋಟದಮನೆ, ಸೋಮವಾರಪೇಟೆ:
ಮೀಟರ್ 6 ವೋಲ್ಟ್ ದಾಟ್ತು! ಅರ್ಥ್ ಪಟ್ಟಿ ಬಿಚ್ಚಿದ್ರೆ ಬೋಲ್ಟ್ ಕೆಳಗೆಲ್ಲ ಹಸಿರು ಪುಡಿ, ಎಳೆಗಳು ಕೈಲೇ ಮುರೀತಿವೆ. ಹೊಸ ಪಟ್ಟಿಗೆ ಎಷ್ಟು ದಪ್ಪ ಬೇಕು?

ಮಡಿಕೇರಿ ಗ್ಯಾರೇಜ್:
ಬ್ಯಾಟರಿ ಪಾಸಿಟಿವ್ ಕೇಬಲ್‌ಗಿಂತ ತೆಳ್ಳಗಿರಬಾರ್ದು ಅಷ್ಟೆ. ಬ್ಲಾಕ್ ಮೇಲಿನ ಪೇಂಟ್ ಕೆರೆದು ಕಬ್ಬಿಣ ಹೊಳೆಯೋ ಹಂಗೆ ಮಾಡಿ, ಟೈಟ್ ಮಾಡಿದ್ಮೇಲೆ ಗ್ರೀಸ್ ಹಚ್ಚಿ.