ನನ್ನ ಹೆಸರಿನಲ್ಲಿ ಆಗಲೇ ಮತ ಬಿದ್ದಿತ್ತು: ಟೆಂಡರ್ಡ್ ಮತ ಹಾಕಿ ಬಂದದ್ದರಿಂದ ಏನಾದರೂ ಪ್ರಯೋಜನ ಉಂಟೇ?

ಬಯಲುಸೀಮೆ (ಪ್ರಶ್ನೆ)

2024ರ ಲೋಕಸಭಾ ಚುನಾವಣೆಯ ದಿನ ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಹೆಂಡತಿಯೂ ಮತಗಟ್ಟೆಗೆ ಹೋಗಿದ್ದೆವು. ಮೊದಲ ಮೇಜಿನ ಅಧಿಕಾರಿ ನನ್ನ ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಪಟ್ಟಿಯ ಮೇಲೆ ಅಡಿಕೋಲನ್ನು ಸರಿಸುತ್ತಾ ಬಂದು ನನ್ನ ಹೆಸರಿನ ಬಳಿ ನಿಂತುಬಿಟ್ಟರು. ಅದರ ಕೆಳಗೆ ಆಗಲೇ ಕೆಂಪು ಗೆರೆ ಎಳೆದಿತ್ತು. ‘ನಿಮ್ಮ ಮತ ಬೆಳಿಗ್ಗೆಯೇ ಆಗಿದೆಯಲ್ಲ’ ಎಂದರು. ನಾನು ಎಡಗೈ ತೋರುಬೆರಳನ್ನು ಮುಂದೆ ಚಾಚಿದೆ. ಅದರಲ್ಲಿ ಶಾಯಿಯ ಸುಳಿವೇ ಇರಲಿಲ್ಲ.

ಅಧ್ಯಕ್ಷಾಧಿಕಾರಿಯವರು ನನ್ನ ಗುರುತಿನ ಚೀಟಿ ನೋಡಿ, ತಂದೆಯ ಹೆಸರು, ವಯಸ್ಸು, ಮನೆ ಸಂಖ್ಯೆ ಎಲ್ಲವನ್ನೂ ಕೇಳಿ ತಿಳಿದುಕೊಂಡ ಮೇಲೆ, ಒಂದು ನಮೂನೆಗೆ ಸಹಿ ಹಾಕಿಸಿಕೊಂಡು ಕಾಗದದ ಮತಪತ್ರವನ್ನು ಕೈಗಿತ್ತರು. ಬಾಣದ ಗುರುತಿನ ರಬ್ಬರ್ ಮೊಹರು ಒತ್ತಿ, ಮಡಚಿ ಹಿಂದಿರುಗಿಸಿದೆ. ಅವರು ಅದನ್ನು ಬೇರೊಂದು ಲಕೋಟೆಯಲ್ಲಿ ಇಟ್ಟರು. ನನ್ನ ಹಿಂದೆಯೇ ಬಂದ ಹೆಂಡತಿ ಯಂತ್ರದಲ್ಲಿ ಮತ ಹಾಕಿ, ‘ಬೀಪ್’ ಸದ್ದು ಕೇಳಿಸಿಕೊಂಡು ಹೊರಬಂದಳು. ಇಂಥ ಮತವನ್ನು ಎಣಿಸುವುದೇ ಇಲ್ಲವೆಂದು ಸಂಜೆ ಬಂಧುವೊಬ್ಬರು ಹೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅದು ನಿಜವೇ? ನಿಜವಾದರೆ, ಎಣಿಸದ ಮತವನ್ನು ಹಾಕಿಸಿಕೊಳ್ಳುವುದಾದರೂ ಏಕೆ? ಯಂತ್ರದಲ್ಲಿಯೇ ಮತ ಹಾಕುತ್ತೇನೆಂದು ನಾನು ಪಟ್ಟು ಹಿಡಿಯಬಹುದಿತ್ತೇ?

ಹಳೇ ಮೇಷ್ಟ್ರು (ಉತ್ತರ)

ಸಾಕಷ್ಟು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ: ನಿಮ್ಮ ಮತಗಟ್ಟೆಯವರು ನಡೆದುಕೊಂಡದ್ದು ಸರಿಯಾಗಿಯೇ ಇದೆ. ಚುನಾವಣೆ ನಡೆಸುವ 1961ರ ನಿಯಮಗಳಲ್ಲಿ 49ಪಿ ಎಂಬ ನಿಯಮವಿದೆ. ಒಬ್ಬರ ಹೆಸರಿನಲ್ಲಿ ಆಗಲೇ ಮತ ಚಲಾವಣೆಯಾಗಿದ್ದು, ಅನಂತರ ಬಂದವರು ಗುರುತಿನ ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದರೆ, ಅವರಿಗೆ ಯಂತ್ರದ ಬದಲು ಟೆಂಡರ್ಡ್ ಮತಪತ್ರವನ್ನು ಕೊಡಬೇಕು ಎಂದು ಅದು ಹೇಳುತ್ತದೆ. ನೀವು ಸಹಿ ಹಾಕಿದ್ದು ನಮೂನೆ 17ಬಿ. ಯಂತ್ರವೇ ಬೇಕೆಂದು ಪಟ್ಟು ಹಿಡಿದಿದ್ದರೂ ಅವರು ಒಪ್ಪುವಂತಿರಲಿಲ್ಲ.

ಅದಕ್ಕೆ ಕಾರಣವಿದೆ. ನಿಮ್ಮ ಹೆಸರಿನಲ್ಲಿ ಬೆಳಿಗ್ಗೆ ಬಿದ್ದ ಮತ ಯಂತ್ರದೊಳಗೆ ಉಳಿದ ಮತಗಳ ಜೊತೆ ಸೇರಿಹೋಗಿರುತ್ತದೆ; ಅದು ಯಾರಿಗೆ ಬಿತ್ತೆಂದು ಮತಗಟ್ಟೆಯಲ್ಲಿ ಕುಳಿತ ಯಾರಿಗೂ ತಿಳಿಯದು, ಹೊರತೆಗೆಯಲೂ ಬಾರದು. ಅದರ ಮೇಲೆ ನಿಮಗೂ ಗುಂಡಿ ಒತ್ತಲು ಬಿಟ್ಟರೆ ಒಂದೇ ಹೆಸರಿಗೆ ಎರಡು ಮತಗಳಾಗುತ್ತವೆ. ಆದ್ದರಿಂದ ನಿಮ್ಮದನ್ನು ಬೇರೆಯಾಗಿ ಕಾಯ್ದಿಡುತ್ತಾರೆ. ನಿಮ್ಮ ಬಂಧುಗಳು ಹೇಳಿದ್ದು ನಿಜ: ಎಣಿಕೆಯ ದಿನ ಆ ಲಕೋಟೆಯನ್ನು ತೆರೆಯುವುದಿಲ್ಲ. ಆದರೆ ಎಷ್ಟು ಟೆಂಡರ್ಡ್ ಮತಪತ್ರಗಳನ್ನು ಕೊಡಲಾಯಿತು ಎಂಬುದು ಮತದಾನದ ಕೊನೆಯಲ್ಲಿ ಬರೆಯುವ ನಮೂನೆ 17ಸಿ ಲೆಕ್ಕಪತ್ರದಲ್ಲಿ ದಾಖಲಾಗುತ್ತದೆ, ಅದರ ದೃಢೀಕೃತ ಪ್ರತಿ ಅಲ್ಲಿ ಹಾಜರಿರುವ ಅಭ್ಯರ್ಥಿಗಳ ಏಜೆಂಟರ ಕೈಸೇರುತ್ತದೆ. ಅಲ್ಲಿಗೆ ನಿಮ್ಮ ದೂರು ಬರೀ ಬಾಯಿಮಾತಾಗಿ ಉಳಿಯುವುದಿಲ್ಲ.

ಇನ್ನು ಇದು ಹೇಗೆ ನಡೆಯುತ್ತದೆ ಎಂಬುದು. ಯಾರೋ ಕಳ್ಳಮತ ಹಾಕಿದರು ಎಂದೇ ಎಲ್ಲರೂ ಮೊದಲು ಭಾವಿಸುತ್ತಾರೆ, ಹಾಗಾಗುವುದೂ ಉಂಟು. ಆದರೆ ನಾನು ಕಂಡ ಮಟ್ಟಿಗೆ ಗೆರೆ ತಪ್ಪಿ ಬೀಳುವುದೇ ಹೆಚ್ಚು. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು, ಅವರ ತಂದೆಯರ ಹೆಸರೂ ಒಂದೇ. ಪಟ್ಟಿಯಲ್ಲಿನ ಚಿತ್ರ ಅಂಚೆಚೀಟಿಯಷ್ಟು ಸಣ್ಣದು, ಅದೂ ಕಪ್ಪು ಮಸಿಯಂತೆ ಮುದ್ರಣವಾಗಿರುತ್ತದೆ. ಹೊರಗೆ ಸಾಲು ಬೆಳೆಯುತ್ತಿರುವಾಗ ಮೊದಲ ಮೇಜಿನವರ ಕಣ್ಣು ಒಂದು ಕ್ರಮಸಂಖ್ಯೆ ಆಚೀಚೆ ಹೋದರೆ ಸಾಕು. ತಡೆಯಬೇಕಾದವರು ಏಜೆಂಟರು. ಗುರುತಿನ ಬಗ್ಗೆ ಸಂಶಯವಿದ್ದರೆ ಅವರು 2 ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು, ಅಧ್ಯಕ್ಷಾಧಿಕಾರಿ ಅಲ್ಲಿಯೇ ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ. ಆದರೆ ಬೆಳಿಗ್ಗೆ ಬಿಗಿಯಾಗಿ ಕುಳಿತ ಏಜೆಂಟರು ಮಧ್ಯಾಹ್ನದ ಹೊತ್ತಿಗೆ ತೂಕಡಿಸುವುದನ್ನು ನಾನೇ ನೋಡಿದ್ದೇನೆ.

ತುಂಗೆಯ ದಂಡೆ (ಉತ್ತರ)

ಮೇಷ್ಟ್ರು ಹೇಳಿದ ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ, ಆದರೆ ಎಲ್ಲ ಮತಗಟ್ಟೆಗಳಲ್ಲಿಯೂ ಅವು ಹಾಗೆ ನಡೆಯುವುದಿಲ್ಲ. ಹಿಂದಿನದೊಂದು ಚುನಾವಣೆಯಲ್ಲಿ ನನ್ನ ಅತ್ತೆಯವರಿಗೂ ಇದೇ ಆಯಿತು. ಆ ಮತಗಟ್ಟೆಯಲ್ಲಿದ್ದವರು ‘ಆಗಿಹೋಗಿದೆ ಅಮ್ಮ, ಈಗೇನೂ ಮಾಡಲಾಗದು’ ಎಂದು ಕಳುಹಿಸಿಬಿಟ್ಟರು. ಟೆಂಡರ್ಡ್ ಮತದ ಮಾತನ್ನೇ ಯಾರೂ ಎತ್ತಲಿಲ್ಲ. ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು, ಚೀಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬಿಸಿಲಿನಲ್ಲಿ ನಿಂತು ಬಂದವರು. ಮನೆಗೆ ಬಂದವರೇ ಶಾಯಿಯಿಲ್ಲದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತರು. ನಾವು ಸಂಗತಿ ತಿಳಿದು ವಿಚಾರಿಸುವಷ್ಟರಲ್ಲಿ ಮತದಾನದ ವೇಳೆ ಮುಗಿದಿತ್ತು. ಆದ್ದರಿಂದ, ಇಂಥ ಸಂದರ್ಭದಲ್ಲಿ ‘49ಪಿ ಪ್ರಕಾರ ಟೆಂಡರ್ಡ್ ಮತಪತ್ರ ಕೊಡಿ’ ಎಂದು ಅಧ್ಯಕ್ಷಾಧಿಕಾರಿಯನ್ನು ನೇರವಾಗಿ ಕೇಳುವುದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಕೊಡಬೇಕು.

ಪ್ರಯೋಜನ ಉಂಟೇ ಎಂದು ಕೇಳಿದಿರಿ. ಅಂತರ ಲಕ್ಷಗಳಲ್ಲಿದ್ದರೆ ಇಲ್ಲವೆಂದೇ ಹೇಳಬೇಕು. ಆದರೆ ನಮ್ಮ ರಾಜ್ಯದಲ್ಲಿಯೇ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರೆದುರು 1 ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿಯವರು 1 ಮತದಿಂದ ಸೋತಾಗ, ಟೆಂಡರ್ಡ್ ಮತಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂಥ ಕಡೆ ಈ ಲಕೋಟೆಗೆ ಬೆಲೆ ಬರುತ್ತದೆ.

ಕಾನೂನು ಆಸಕ್ತ (ಉತ್ತರ)

ಪ್ರತಿ ಚುನಾವಣೆಯಲ್ಲಿಯೂ ವಾಟ್ಸಾಪಿನಲ್ಲಿ ಓಡಾಡುವ ಒಂದು ಸಂದೇಶದ ಬಗ್ಗೆ ಇಲ್ಲಿ ಹೇಳಲೇಬೇಕು. ಯಾವುದೇ ಮತಗಟ್ಟೆಯಲ್ಲಿ ಟೆಂಡರ್ಡ್ ಮತಗಳು ಶೇ. 14 ದಾಟಿದರೆ ಮರುಮತದಾನ ನಡೆಯುತ್ತದೆ ಎಂದು ಅದರಲ್ಲಿದೆ. ಅಂಥ ನಿಯಮವೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ‘ಚಾಲೆಂಜ್ ಮತ’ ಹಾಕಬಹುದು ಎಂಬ ಇನ್ನೊಂದು ಸಾಲು ಅದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಅದನ್ನು ನಂಬಿದವರು ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳುವುದಿಲ್ಲ. ಹೆಸರಿಲ್ಲದವರಿಗೆ ಯಂತ್ರವೂ ಇಲ್ಲ, ಟೆಂಡರ್ಡ್ ಮತಪತ್ರವೂ ಇಲ್ಲ. ಕೈಯಲ್ಲಿ ಮತದಾರರ ಗುರುತಿನ ಚೀಟಿ ಇದ್ದರೂ ಅಷ್ಟೇ. ಚಾಲೆಂಜ್ ಎಂಬುದು ಮೇಷ್ಟ್ರು ವಿವರಿಸಿದ ಹಾಗೆ ಏಜೆಂಟರು ಎತ್ತುವ ಆಕ್ಷೇಪವೇ ಹೊರತು ಮತದಾರರು ಹಾಕುವ ಒಂದು ಬಗೆಯ ಮತವಲ್ಲ.

ಬಯಲುಸೀಮೆ (ಮತ್ತೆ ಪ್ರಶ್ನೆ)

ಎಲ್ಲರಿಗೂ ಧನ್ಯವಾದಗಳು. ನಮ್ಮ ಬೀದಿಯಲ್ಲಿ ನನ್ನದೇ ಹೆಸರಿನವರು ಇನ್ನೊಬ್ಬರು ಇರುವುದರಿಂದ, ಮೇಷ್ಟ್ರು ಹೇಳಿದ್ದೇ ನಡೆದಿರಬಹುದೆಂದು ಈಗ ಅನ್ನಿಸುತ್ತಿದೆ. ಹಾಗಿದ್ದರೆ ಅದನ್ನು ಆ ದಿನವೇ ಪತ್ತೆ ಮಾಡಬಹುದಿತ್ತೇ? ಬೆಳಿಗ್ಗೆ ಸಹಿ ಹಾಕಿದವರು ಯಾರೆಂದು ಈಗ ನೋಡಲು ದಾರಿಯುಂಟೇ?

ಹಳೇ ಮೇಷ್ಟ್ರು (ಉತ್ತರ)

ಆ ದಿನ ಮತಗಟ್ಟೆಯೊಳಗೆ ಸುಳಿವು ಸಿಗುತ್ತಿತ್ತು. ಎರಡನೆಯ ಮೇಜಿನ ಮೇಲಿರುವ 17ಎ ಎಂಬ ಮತದಾರರ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಕ್ರಮಸಂಖ್ಯೆ, ಅವರು ತೋರಿಸಿದ ದಾಖಲೆಯ ವಿವರ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಇರುತ್ತವೆ. ನಿಮ್ಮ ಸಂಖ್ಯೆಯ ಎದುರಿಗೆ ಯಾರ ಸಹಿಯಿದೆ ಎಂದು ಪರಿಶೀಲಿಸುವಂತೆ ಅಧ್ಯಕ್ಷಾಧಿಕಾರಿಯನ್ನು ಕೋರಬಹುದಿತ್ತು. ನಾನಂತೂ ಟೆಂಡರ್ಡ್ ಮತಪತ್ರ ಕೊಡುವ ಮೊದಲು ಅದನ್ನು ನೋಡದೆ ಇರುತ್ತಿರಲಿಲ್ಲ. ಆದರೆ ಅಲ್ಲಿ ನಿಮ್ಮ ಬೀದಿಯವರ ಸಹಿಯೇ ಕಂಡಿದ್ದರೂ ಅವರು ಒತ್ತಿದ ಗುಂಡಿಯನ್ನು ಹಿಂತೆಗೆಯಲು ಬರುತ್ತಿರಲಿಲ್ಲ.

ಕಾನೂನು ಆಸಕ್ತ (ಉತ್ತರ)

ಈಗ ನೋಡುವುದು ಸುಲಭವಲ್ಲ. ಮತದಾನ ಮುಗಿದ ಮೇಲೆ 17ಎ ರಿಜಿಸ್ಟರನ್ನು ಮೊಹರು ಮಾಡಿ ಇಡುತ್ತಾರೆ. ನ್ಯಾಯಾಲಯದ ಆದೇಶವಿಲ್ಲದೆ ಅದನ್ನು ತೆರೆಯುವಂತಿಲ್ಲ. ಆ ಆದೇಶವನ್ನು ಪಡೆಯುವ ಮುಖ್ಯ ದಾರಿಯೆಂದರೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅದನ್ನು ಸೋತ ಅಭ್ಯರ್ಥಿಯೇ ಸಲ್ಲಿಸಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರರೂ ಸಲ್ಲಿಸಬಹುದು. ಆದರೆ ಅಭ್ಯರ್ಥಿ ಆಯ್ಕೆಯಾದ ದಿನದಿಂದ 45 ದಿನಗಳೊಳಗೆ ಸಲ್ಲಿಸಬೇಕು. ಆ ಗಡುವು ಮುಗಿದುಹೋಗಿದೆ. ಮುಂದಿನ ಸಲ ಇಬ್ಬರಲ್ಲಿ ಮೊದಲು ಹೋದವರು ಹೆಸರಿಗಿಂತ ಕ್ರಮಸಂಖ್ಯೆಯನ್ನೇ ಒತ್ತಿ ಹೇಳುವಂತೆ ನೀವೂ ನಿಮ್ಮ ಬೀದಿಯವರೂ ಮಾತಾಡಿಕೊಳ್ಳುವುದು ಒಳ್ಳೆಯದು. ಅರ್ಜಿಗಿಂತ ಅದೇ ಅಗ್ಗ.