ಸೇನಾ ನೆರವು ಮತ್ತು 98ನೇ ವಿಧಿಯ ಒಪ್ಪಂದ: ಭಾರತಕ್ಕೂ ಷರತ್ತು ಇತ್ತೇ?

ಪ್ರಶ್ನೆ: ಸರ್, ಎಲ್‌ಎಲ್‌ಬಿ ಓದುತ್ತಿದ್ದೇನೆ. ಅಮೆರಿಕದವರನ್ನು ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಒಪ್ಪಿಸುವುದಿಲ್ಲ ಎಂದು ಭಾರತ 2002ರ ಡಿಸೆಂಬರ್ 26ರಂದು ಅಮೆರಿಕದ ಜೊತೆ ‘98ನೇ ವಿಧಿಯ ಒಪ್ಪಂದ’ಕ್ಕೆ ಸಹಿ ಹಾಕಿತಲ್ಲ, ಹಾಕದಿದ್ದರೆ ಸೇನಾ ನೆರವು ನಿಲ್ಲುತ್ತಿತ್ತೇ?

ಉತ್ತರ: ಇಲ್ಲ. ಬಹಳ ಜನ ಎಡವುವುದು ಇಲ್ಲೇ. 2002ರ ಆಗಸ್ಟ್ 2ರಂದು ಅಮೆರಿಕದ ಅಧ್ಯಕ್ಷ ಬುಷ್ ಸಹಿ ಹಾಕಿದ ‘ಅಮೆರಿಕನ್ ಸರ್ವಿಸ್‌ಮೆಂಬರ್ಸ್ ಪ್ರೊಟೆಕ್ಷನ್ ಆಕ್ಟ್’ನ ಸೆಕ್ಷನ್ 2007 (ಇದು ಇಸವಿಯಲ್ಲ) ನೆರವು ತಡೆದದ್ದು ಆ ನ್ಯಾಯಾಲಯದ ಸದಸ್ಯ ದೇಶಗಳಿಗೆ ಮಾತ್ರ. ಭಾರತ ಆಗಲೂ ಸದಸ್ಯನಲ್ಲ, ಈಗಲೂ ಅಲ್ಲ.

ಯಾವುದೇ ದೇಶದ ಬಗ್ಗೆ ಕೇಳಿದರೂ ಈ ಕ್ರಮದಲ್ಲಿ ನೋಡಿ. ಆ ನ್ಯಾಯಾಲಯವನ್ನು ಸ್ಥಾಪಿಸಿದ ಒಡಂಬಡಿಕೆಯಾದ ರೋಮ್ ಶಾಸನದ ಸದಸ್ಯನೇ? ಹೌದಾದರೆ, ನೇಟೋದಲ್ಲಿದೆಯೇ, ಅಥವಾ ಜಪಾನ್, ಜೋರ್ಡಾನ್‌ಗಳಂತೆ ನೇಟೋ ಹೊರಗಿನ ಪ್ರಮುಖ ಮಿತ್ರನೇ? ಹಾಗಿದ್ದರೆ ವಿನಾಯಿತಿ. ಇಲ್ಲದಿದ್ದರೆ 98ನೇ ವಿಧಿಯ ಒಪ್ಪಂದವಿದೆಯೇ? ಅದೂ ಇಲ್ಲದಿದ್ದರೆ ರಾಷ್ಟ್ರಹಿತದ ಕಾರಣ ಕೊಟ್ಟು ಅಧ್ಯಕ್ಷರು ಸಡಿಲಿಸಿದ್ದಾರೆಯೇ? ಯಾವುದೂ ಇಲ್ಲವೆಂದರೆ 2003ರ ಜುಲೈ 1ರಿಂದ ನೆರವು ಬಂದ್. ಕೀನ್ಯಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಸಹಿ ಹಾಕದೆ ಈ ಪೆಟ್ಟು ತಿಂದವು.

ಪ್ರಶ್ನೆ: ನಿಂತದ್ದು ಶಸ್ತ್ರಾಸ್ತ್ರದ ಹಣ ಮಾತ್ರವೇ?

ಉತ್ತರ: ಅದರ ಜೊತೆ ಅಧಿಕಾರಿಗಳ ತರಬೇತಿಯೂ ನಿಂತಿತು. ಅದಕ್ಕೆ ತಗಲುವ ಹಣ ಕಡಿಮೆ, ಆದರೆ ಎರಡು ಸೇನೆಗಳ ನಡುವೆ ಪರಿಚಯ ಬೆಳೆಯುವುದೇ ಅಲ್ಲಿ. ಹಾಗಾಗಿ ವಿರೋಧ ಅಮೆರಿಕದ ಸೇನಾಧಿಕಾರಿಗಳಿಂದಲೇ ಬಂತು. 2004ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಬಜೆಟ್ ಕಾಯ್ದೆಗೆ ಸೇರಿಸಿದ ನೆದರ್‌ಕಟ್ ತಿದ್ದುಪಡಿ ಆರ್ಥಿಕ ನೆರವಿಗೂ ಕೈ ಹಾಕಿತು. ಬಡ ದೇಶಗಳ ಮಟ್ಟಿಗೆ ಇದು ನೇರ ಅನ್ಯಾಯ.

ಪ್ರಶ್ನೆ: ಸದಸ್ಯ ದೇಶ ಇಂಥ ಒಪ್ಪಂದ ಮಾಡಿಕೊಂಡರೆ ಕಾನೂನಿನಲ್ಲಿ ನಿಲ್ಲುತ್ತದೆಯೇ ಸರ್?

ಉತ್ತರ: ವ್ಯಕ್ತಿಯನ್ನು ಒಪ್ಪಿಸಲು ‘ಕಳುಹಿಸಿದ ದೇಶ’ದ ಒಪ್ಪಿಗೆ ಬೇಕೆಂಬ ಒಪ್ಪಂದವಿದ್ದರೆ ಅದನ್ನು ಮುರಿಯುವಂತೆ ನ್ಯಾಯಾಲಯ ಕೇಳುವಂತಿಲ್ಲ ಎನ್ನುತ್ತದೆ ರೋಮ್ ಶಾಸನದ 98(2)ನೇ ವಿಧಿ. ಅದರ ಪಠ್ಯ ತೆರೆದು ‘ಕಳುಹಿಸಿದ ದೇಶ’ ಎಂಬ ಪದದ ಮೇಲೆ ಬೆರಳಿಡಿ. ಸರ್ಕಾರವೇ ಕೆಲಸದ ಮೇಲೆ ಕಳುಹಿಸಿದ ಸೈನಿಕ ಅದರೊಳಗೆ ಬರುತ್ತಾನೆ. ಸ್ವಂತ ಖರ್ಚಿನಲ್ಲಿ ಬಂದ ಪ್ರವಾಸಿಯನ್ನು ಯಾರು ಕಳುಹಿಸಿದರು? ಅಮೆರಿಕದ ಕರಡು ತನ್ನ ಎಲ್ಲ ಪ್ರಜೆಗಳನ್ನೂ ಸೇರಿಸಿತ್ತು. ಊರಿಗೆ ಹೋದ ಆರೋಪಿಯನ್ನು ಅಲ್ಲಿ ವಿಚಾರಿಸಲೇಬೇಕು ಎಂಬ ಬಾಧ್ಯತೆಯೂ ಅದರಲ್ಲಿರಲಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ತನ್ನ ಮಾರ್ಗಸೂತ್ರಗಳಲ್ಲಿ ಹಿಡಿದದ್ದು ಈ ಎರಡನ್ನೂ. ನನಗೂ ಆ ವಾದವೇ ಸರಿ ಕಾಣುತ್ತದೆ.

ಪ್ರಶ್ನೆ: ಈಗಲೂ ಷರತ್ತು ಇದೆಯೇ?

ಉತ್ತರ: ತರಬೇತಿಯ ನಿರ್ಬಂಧ 2006ರ ಅಕ್ಟೋಬರ್‌ನಲ್ಲಿ, ಶಸ್ತ್ರಾಸ್ತ್ರ ನೆರವಿನದು 2008ರ ಜನವರಿಯಲ್ಲಿ ರದ್ದಾಯಿತು. ಒಪ್ಪಂದಗಳು ಮಾತ್ರ ಅದರ ಜೊತೆಗೇ ಬಿದ್ದುಹೋಗಲಿಲ್ಲ. ಈ ಮಾದರಿಯಲ್ಲಿ ಒಂದು ಪಕ್ಷ ನೋಟಿಸ್ ಕೊಟ್ಟ ಮೇಲೂ ಒಂದು ವರ್ಷ ಜಾರಿಯಲ್ಲಿರುತ್ತವೆ.